ಡೆಸ್ಕ್ ಇದೆ ಸರಿ, ದೂರು ಬರೆಯೋರು ಯಾರು? ದಾವಣಗೆರೆಯಲ್ಲಿ ಹೆಣ್ಣುಮಕ್ಕಳಿಗೆ ಸಿಗುವ ಪೊಲೀಸ್ ಸೇವೆ

ದಾವಣಗೆರೆಯಲ್ಲಿ ಹೆಣ್ಣುಮಗಳೊಬ್ಬಳಿಗೆ ಪೊಲೀಸರ ಸಹಾಯ ಬೇಕಾದರೆ ಸದ್ಯಕ್ಕೆ ನಾಲ್ಕು ದಾರಿಗಳಿವೆ: 112ಕ್ಕೆ ಫೋನು, ಹತ್ತಿರದ ಠಾಣೆಯ ಮಹಿಳಾ ಸಹಾಯ ಡೆಸ್ಕ್, ಮಹಿಳಾ ಪೊಲೀಸ್ ಠಾಣೆ, ಏರಿಯಾಕ್ಕೆ ಗಸ್ತು ಬರುವ ಬೀಟ್ ಪೊಲೀಸ್. ಫೋನು ಚುರುಕು. ಡೆಸ್ಕು ಅಲ್ಲಿ ಆ ಹೊತ್ತಿಗೆ ಕೂತವರ ಮೇಲೆ ಹೋಗುತ್ತದೆ. ಮಹಿಳಾ ಠಾಣೆ ಎಂಬ ಏರ್ಪಾಡು ಯಾವ ಊರಲ್ಲಾದರೂ ರಾಜಿ ಕಡೆಗೆ ವಾಲುತ್ತದೆ. ಬೀಟ್ ಸಭೆ ಇನ್ನೂ ಗಂಡಸರ ಸಭೆ. ಯಾವ ಠಾಣೆ, ಯಾವ ಸಾಹೇಬರು ಎಂದು ಇಲ್ಲಿ ಹೆಸರು ಹಾಕಿಲ್ಲ. ಹೇಳಹೊರಟಿರುವ ತೊಡಕುಗಳು ಒಬ್ಬಿಬ್ಬರ ಗುಣದಿಂದ ಬಂದವಲ್ಲ, ಕೆಲಸವನ್ನು ಜೋಡಿಸಿರುವ ರೀತಿಯಿಂದ ಬಂದವು. ಹರಿಹರ, ಚನ್ನಗಿರಿ, ಜಗಳೂರಿಗೆ ಹೋದರೂ, ಅತ್ತ ದುರ್ಗಕ್ಕೆ (ಚಿತ್ರದುರ್ಗ) ಹೋದರೂ ಹೆಚ್ಚು ಕಡಿಮೆ ಇದೇ.

112ರದು ಬೇಗ ಮುಗಿಸೋಣ. ಕರ್ನಾಟಕದಲ್ಲಿ 2019ರಿಂದ ಎಲ್ಲ ತುರ್ತಿಗೂ ಈ ಒಂದು ನಂಬರು. ಕರೆ ಮೊದಲು ಬೆಂಗಳೂರಿನ ಕಂಟ್ರೋಲ್ ರೂಮಿಗೆ ಹೋಗುತ್ತದೆ, ಅಲ್ಲಿಂದ ನಮ್ಮ ಜಿಲ್ಲೆಯ ಗಾಡಿಗೆ ಬರುತ್ತದೆ. ಫೋನ್ ಎತ್ತಿದವರಿಗೆ ನಿಟುವಳ್ಳಿ ಎಲ್ಲಿದೆ, ಆಜಾದ್ ನಗರ ಎಲ್ಲಿದೆ ಗೊತ್ತಿರುವುದಿಲ್ಲ. ‘ಐದನೇ ಕ್ರಾಸ್’ ಎಂದರೆ ಸಾಲದು. ದಾವಣಗೆರೆಯಲ್ಲಿ ಐದನೇ ಕ್ರಾಸ್ ಇಲ್ಲದ ಬಡಾವಣೆಯೇ ಕಡಿಮೆ. ಊರು, ಬಡಾವಣೆ, ಮೇನ್, ಕ್ರಾಸ್, ಆಮೇಲೆ ಪಕ್ಕದ ಶಾಲೆಯೋ ಗುಡಿಯೋ ಮಸೀದಿಯೋ, ಹೀಗೆ ವರಸೆಯಾಗಿ ಹೇಳಿದರೆ ಗಾಡಿ ಸುತ್ತು ಹೊಡೆಯುವುದು ತಪ್ಪುತ್ತದೆ. ಈ ಸೇವೆಯ ದೊಡ್ಡ ಗುಣ ಎಂದರೆ ಕರೆ ಬಂದ ಹೊತ್ತು ದಾಖಲಾಗುತ್ತದೆ, ಅದನ್ನು ಠಾಣೆಯಲ್ಲಿ ತಿದ್ದಲು ಬರುವುದಿಲ್ಲ. ಕೊರತೆ ಎಂದರೆ ಗಾಡಿಯಲ್ಲಿ ಬರುವವರು ಹೆಚ್ಚಾಗಿ ಗಂಡಸರು. ಕುಡಿದು ಹೊಡೆಯುತ್ತಿದ್ದವನಿಗೆ ನಾಲ್ಕು ಮಾತು ಗದರಿಸಿ, ‘ಬೆಳಗ್ಗೆ ಇಬ್ಬರೂ ಠಾಣೆಗೆ ಬನ್ನಿ’ ಎಂದು ಹೊರಟರೆ ಅಲ್ಲಿಗೆ ಕರೆ ಮುಗಿಯಿತು. ಆ ರಾತ್ರಿ ಅದೇ ಮನೆಯಲ್ಲಿ ಮಲಗಬೇಕಾದವಳ ಗತಿ ಏನು? ಮೈಮೇಲೆ ಪೆಟ್ಟಿದ್ದರೆ ‘ಮೊದಲು ಆಸ್ಪತ್ರೆಗೆ ಬಿಡಿ’ ಎಂದು ಆಗಲೇ ಕೇಳಬೇಕು. ಐದಕ್ಕೆ ನಾಲ್ಕು ಕೊಡಬಹುದು.

ಇನ್ನು ಸಹಾಯ ಡೆಸ್ಕ್. 2019ರ ಡಿಸೆಂಬರಿನಲ್ಲಿ ಕೇಂದ್ರ ಗೃಹ ಸಚಿವಾಲಯ ನಿರ್ಭಯಾ ನಿಧಿಯಿಂದ 100 ಕೋಟಿ ತೆಗೆದಿಟ್ಟು ದೇಶದ 10,000 ಠಾಣೆಗಳಲ್ಲಿ ಮಹಿಳಾ ಸಹಾಯ ಡೆಸ್ಕ್ ಮಾಡಲು ಒಪ್ಪಿತು. ಭಾಗಿಸಿದರೆ ಠಾಣೆಗೆ ಒಂದು ಲಕ್ಷ. ಆ ದುಡ್ಡಿಗೆ ಟೇಬಲ್, ಕುರ್ಚಿ, ಕಂಪ್ಯೂಟರ್, ಬೋರ್ಡ್ ಬರುತ್ತವೆ, ಗೋಡೆ ಬರುವುದಿಲ್ಲ. ಹೀಗಾಗಿ ಡೆಸ್ಕು ಸಾಮಾನ್ಯವಾಗಿ ಬಾಗಿಲ ಒಳಗೆ, ಸೆಂಟ್ರಿಯ ಪಕ್ಕ, ಎಲ್ಲರೂ ಓಡಾಡುವ ಹಾಲಿನಲ್ಲೇ ಇರುತ್ತದೆ. ಗಾಡಿ ಬಿಡಿಸಿಕೊಳ್ಳಲು ಬಂದವರು, ಪಾಸ್‌ಪೋರ್ಟ್ ವೆರಿಫಿಕೇಷನ್ನಿಗೆ ಬಂದವರು, ಎದುರುಪಾರ್ಟಿಯ ಕಡೆಯ ಹಿರಿಯರು, ಎಲ್ಲರ ಕಿವಿಯೂ ಅಲ್ಲೇ. ಗಂಡ ರಾತ್ರಿ ಏನು ಮಾಡಿದ ಎನ್ನುವುದನ್ನು ಯಾವ ಹೆಂಗಸೂ ಆ ಜಾಗದಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ‘ಜಗಳ ಆತು, ಹೊಡದ’ ಎನ್ನುತ್ತಾಳೆ. ಅಷ್ಟೇ ದೂರಾಗುತ್ತದೆ. ಪಕ್ಕದ ಕೋಣೆಯೊಂದನ್ನು ದಿನಕ್ಕೆ ಎರಡು ತಾಸು ಬಿಟ್ಟುಕೊಟ್ಟರೆ ಸಾಕಿತ್ತು.

ಆಳಿನ ತೊಂದರೆ ಇದಕ್ಕಿಂತ ದೊಡ್ಡದು. ಒಂದು ಠಾಣೆಯಲ್ಲಿ ಮಹಿಳಾ ಸಿಬ್ಬಂದಿ ಕೈಬೆರಳೆಣಿಕೆಯಷ್ಟು. ಕೋರ್ಟ್ ಡ್ಯೂಟಿ ಅವರಿಗೆ, ಮಹಿಳಾ ಆರೋಪಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ಅವರಿಗೆ, ಮಂತ್ರಿ ಬಂದರೆ ಬಂದೋಬಸ್ತ್ ಅವರಿಗೆ. ದುಗ್ಗಮ್ಮನ ಜಾತ್ರೆ, ದುರ್ಗದ ಗಣಪತಿ ಮೆರವಣಿಗೆ ಬಂತೆಂದರೆ ಡೆಸ್ಕಿನ ಕುರ್ಚಿ ಖಾಲಿ. ಸಂಜೆಯ ಮೇಲೆ ಹಲವು ಕಡೆ ಅಲ್ಲಿ ಹೆಂಗಸರೇ ಇರುವುದಿಲ್ಲ, ಮನೆಯೊಳಗಿನ ಹೊಡೆದಾಟ ಹೆಚ್ಚುವುದೂ ಅದೇ ಹೊತ್ತಿಗೆ. ರಾಜ್ಯದಲ್ಲಿ ಪೊಲೀಸ್ ನೇಮಕಾತಿಯಲ್ಲಿ ಹೆಣ್ಣುಮಕ್ಕಳಿಗೆ ಶೇ 25ರ ಮೀಸಲಾತಿ ಇದೆ. ಆದರೆ ಅದು ಹೊಸ ನೇಮಕಾತಿಗೆ, ಹಳೆಯ ಬಲ ಹಾಗೇ ಉಳಿದಿರುವುದರಿಂದ ಠಾಣೆಯೊಳಗೆ ಆ ಪ್ರಮಾಣ ಕಾಣಲು ಇನ್ನೂ ವರ್ಷಗಳು ಬೇಕು.

ಡೆಸ್ಕಿನಲ್ಲಿ ಯಾರೇ ಕೂತಿರಲಿ, ದೂರು ಕೊನೆಗೆ ಠಾಣೆಯ ಕಾಗದಪತ್ರ ಬರೆಯುವ ಪೊಲೀಸ್, ಅಂದರೆ ರೈಟರ್ ಕೈಗೇ ಹೋಗುವುದು. ಈ ಸೇವೆಯ ಗುಣಮಟ್ಟ ತೀರ್ಮಾನವಾಗುವುದೂ ಅಲ್ಲೇ. ‘ಸದರಿಯವರು ವಿನಾಕಾರಣ ಜಗಳ ತೆಗೆದು, ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು, ಜೀವ ಬೆದರಿಕೆ ಹಾಕಿರುತ್ತಾರೆ.’ ಠಾಣೆಯ ಕಾಗದ ಓದಿದವರಿಗೆಲ್ಲ ಈ ಸಾಲು ಬಾಯಿಪಾಠ. ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಕಾನೂನಿನ ಕಣ್ಣಿಂದ ನೋಡಿ: ಬೈದದ್ದು ಭಾರತೀಯ ನ್ಯಾಯ ಸಂಹಿತೆಯ 352, ಕೈಯಿಂದ ಹೊಡೆದದ್ದು 115(2), ಬೆದರಿಕೆ 351. ಮೂರೂ ಅಸಂಜ್ಞೇಯ. ಅಂದರೆ ಎಫ್‌ಐಆರ್ ಇಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 174ರ ಪ್ರಕಾರ ಎನ್‌ಸಿ ಪುಸ್ತಕದಲ್ಲಿ (ಅಸಂಜ್ಞೇಯ ದೂರಿನ ಪುಸ್ತಕ) ಬರೆದುಕೊಂಡು ‘ಕೋರ್ಟಿಗೆ ಹೋಗಮ್ಮ’ ಎನ್ನಬಹುದು. ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆ ಮಾಡುವಂತೆಯೇ ಇಲ್ಲ. ಅದೇ ಹೆಂಗಸು ಹೇಳಿದ್ದು ಪೂರ್ತಿ ಬರೆದುಕೊಂಡಿದ್ದರೆ ಏನಿರುತ್ತಿತ್ತು? ಹೊಡೆದವನು ಗಂಡ, ಮದುವೆಯಾದಾಗಿನಿಂದ ಹೊಡೆಯುತ್ತಿದ್ದಾನೆ, ತವರಿಂದ ದುಡ್ಡು ತಾ ಎನ್ನುತ್ತಾನೆ, ಅತ್ತೆ ಊಟ ಹಾಕದೆ ಹೊರಗೆ ನಿಲ್ಲಿಸಿದ್ದಳು, ಈ ಸಲ ಸೌದೆ ತೆಗೆದುಕೊಂಡು ಹೊಡೆದ. ಇದು ನ್ಯಾಯ ಸಂಹಿತೆಯ ಕಲಂ 85, ಹಳೆಯ 498ಎ: ಗಂಡ, ಅವನ ಕಡೆಯವರ ಕ್ರೌರ್ಯ. ನೊಂದವಳೇ ಹೇಳಿದರೂ, ಅವಳ ರಕ್ತಸಂಬಂಧಿ ಹೇಳಿದರೂ ಸಂಜ್ಞೇಯ, ಅಂದರೆ ಎಫ್‌ಐಆರ್ ಆಗುವ ಅಪರಾಧ. ಸೌದೆ ಅಪಾಯಕಾರಿ ಆಯುಧವಾಗಿ ಬಳಕೆಯಾಗಿದ್ದರೆ 118(1) ಕೂಡ ಬರುತ್ತದೆ. ಘಟನೆ ಒಂದೇ, ಬರವಣಿಗೆ ಬೇರೆ. ಒಂದು ಕಡೆ ಎನ್‌ಸಿ ಪುಸ್ತಕದ ಒಂದು ಸಾಲು, ಇನ್ನೊಂದು ಕಡೆ ಮೂರು ವರ್ಷದವರೆಗಿನ ಶಿಕ್ಷೆಯ ಕೇಸು.

ರೈಟರ್ ಕೆಟ್ಟವನು ಎಂದು ಇದರರ್ಥವಲ್ಲ. ಗಂಡಹೆಂಡಿರ ಜಗಳ ಎಂದರೆ ಮೂರು ದಿನದಲ್ಲಿ ಒಂದಾಗುವ ಜಗಳ ಎಂಬುದು ಅವನ ಮನಸ್ಸಿನಲ್ಲಿ ಮೊದಲೇ ಬರೆದಿದೆ, ಕೈ ತಾನಾಗಿ ಆ ಸಾಲಿಗೆ ಹೋಗುತ್ತದೆ. ಆಜಾದ್ ನಗರದಿಂದ ಬಂದವರು ಉರ್ದುವಿನಲ್ಲಿ ಹೇಳುತ್ತಾರೆ, ತಾಂಡಾದಿಂದ ಬಂದವರು ಲಂಬಾಣಿಯಲ್ಲಿ. ಜತೆಗೆ ಬಂದ ಅಣ್ಣನೋ ಮಾವನೋ ಕನ್ನಡಕ್ಕೆ ತರುವಾಗ ಮರ್ಯಾದೆಗೆ ಅಂಜಿ ಅರ್ಧ ನುಂಗುತ್ತಾನೆ. ಉಳಿದರ್ಧಕ್ಕೆ ರೈಟರ್ ತನ್ನ ಸಾಲು ಸೇರಿಸುತ್ತಾನೆ. ಕಾನೂನು ಸುರಕ್ಷಾ ಸಂಹಿತೆಯ ಕಲಂ 173ರಲ್ಲಿ ಹೇಳುವುದು ಬಾಯಲ್ಲಿ ಹೇಳಿದ್ದನ್ನು ಬರೆದು, ಓದಿ ಹೇಳಿ, ಆಮೇಲೆ ಸಹಿ ಹಾಕಿಸಿಕೊಳ್ಳಬೇಕು ಎಂದು. ಓದಿ ಹೇಳುವ ಆ ಎರಡು ನಿಮಿಷವನ್ನು ಬಿಟ್ಟುಕೊಡಬೇಡಿ. ಆದಷ್ಟೂ ದೂರನ್ನು ಮನೆಯಲ್ಲೇ ನಿಧಾನವಾಗಿ ಬರೆದು ಎರಡು ಪ್ರತಿ ಒಯ್ಯುವುದು ಒಳ್ಳೆಯದು: ಯಾವತ್ತು, ಎಷ್ಟು ಹೊತ್ತಿಗೆ, ಯಾತರಿಂದ, ಎಲ್ಲಿಗೆ ಪೆಟ್ಟು, ಯಾರು ನೋಡಿದರು, ಇದಕ್ಕೆ ಮುಂಚೆ ಯಾವಾಗ. ಪೆಟ್ಟಾಗಿದ್ದರೆ ಠಾಣೆಗಿಂತ ಮೊದಲು ಸಿ.ಜಿ. ಆಸ್ಪತ್ರೆಗೆ (ಜಿಲ್ಲಾಸ್ಪತ್ರೆ) ಹೋಗಿ ಗಾಯದ ವೈದ್ಯಕೀಯ-ಕಾನೂನು ದಾಖಲೆ, ಅಂದರೆ ಎಂಎಲ್‌ಸಿ ಮಾಡಿಸಿ. ಅಲ್ಲಿಂದ ಠಾಣೆಗೆ ಮೆಮೊ ಹೋಗುತ್ತದೆ. ಡಾಕ್ಟರು ಬರೆದ ಗಾಯವನ್ನು ‘ಕೈಯಿಂದ ಹೊಡೆದು’ ಎಂಬ ಸಾಲಿನಲ್ಲಿ ಮುಚ್ಚುವುದು ಕಷ್ಟ.

ಕೌಂಟರಿನಲ್ಲಿ ಕೇಳಿಬರುವ ಮಾತುಗಳಿಗೆ ಉತ್ತರವೂ ಗೊತ್ತಿರಲಿ. ‘ಇದು ನಮ್ಮ ಲಿಮಿಟ್ಸ್ ಅಲ್ಲ’ ಎಂದರೆ ಯಾವ ಠಾಣೆಯಲ್ಲಾದರೂ ಹಾಕಬಹುದಾದ ಜೀರೋ ಎಫ್‌ಐಆರ್ ಇದೆ. ತವರು ಹೊನ್ನಾಳಿ, ಗಂಡನ ಮನೆ ದಾವಣಗೆರೆ ಆದರೆ ಎರಡರಲ್ಲಿ ಯಾವ ಠಾಣೆಗಾದರೂ ಹೋಗಬಹುದು. ‘ಎಫ್‌ಐಆರ್ ಹಾಕಿದ್ರೆ ನಿನ್ ಗಂಡ ಜೈಲಿಗೆ ಹೋಗ್ತಾನ, ಆಮ್ಯಾಲೆ ಅಳಬ್ಯಾಡ’ ಎಂದರೆ, ಅದು ಹಾಗಲ್ಲ. 2014ರ ಸುಪ್ರೀಂ ಕೋರ್ಟಿನ ಅರ್ನೇಶ್ ಕುಮಾರ್ ತೀರ್ಪಿನ ಮೇಲೆ ಏಳು ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ ಕಾರಣ ಬರೆಯದೆ ಬಂಧಿಸುವಂತಿಲ್ಲ, ಸಾಮಾನ್ಯವಾಗಿ ಮೊದಲು ನೋಟಿಸು ಹೋಗುತ್ತದೆ. ‘ಮೊದಲು ವಿಚಾರಣೆ ಮಾಡ್ತೀವಿ’ ಎಂದರೆ, ಮಾಡಬಹುದು. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಕ್ಕೆ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ. ತಿಂಗಳುಗಟ್ಟಲೆ ಪ್ರತಿ ಸೋಮವಾರ ಕರೆಸುವುದಕ್ಕೆ ಕಾನೂನಿನಲ್ಲಿ ಜಾಗ ಇಲ್ಲ. ಎಫ್‌ಐಆರ್ ಆದರೆ ಪ್ರತಿ ಪುಕ್ಕಟೆ. ಆಗದಿದ್ದರೆ ಅರ್ಜಿಯ ನಂಬರು, ತಾರೀಖು, ಮೊಹರು ಇರುವ ಸ್ವೀಕೃತಿ ಬೇಕೇ ಬೇಕು. ಅದಿಲ್ಲದೆ ಎದ್ದು ಬಂದರೆ ನೀವು ಅವತ್ತು ಠಾಣೆಗೆ ಹೋಗಿಯೇ ಇಲ್ಲ. ಠಾಣೆ ಒಪ್ಪದಿದ್ದರೆ ಅದೇ ದೂರನ್ನು ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ ರಸೀತಿ ಇಟ್ಟುಕೊಳ್ಳಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರು. ವಕೀಲರಿಗೆ ದುಡ್ಡಿಲ್ಲ ಎಂದು ಕೂರಬೇಕಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ, ನಂಬರು 15100.

ಕಾನೂನಿನಲ್ಲೇ ಒಂದು ಕಿಂಡಿ ಉಳಿದಿದೆ. ಲೈಂಗಿಕ ಅಪರಾಧದ ಕಲಂಗಳಲ್ಲಿ ಮಹಿಳಾ ಅಧಿಕಾರಿಯೇ ಹೇಳಿಕೆ ಬರೆದುಕೊಳ್ಳಬೇಕು. ಅತ್ಯಾಚಾರ, ಮಾನಭಂಗಕ್ಕೆ ಹಲ್ಲೆಯಂಥ ಪಟ್ಟಿ ಮಾಡಿದ ಅಪರಾಧಗಳ ದೂರು ದಾಖಲಿಸದ ಅಧಿಕಾರಿಗೆ ನ್ಯಾಯ ಸಂಹಿತೆಯ ಕಲಂ 199ರಲ್ಲಿ ಆರು ತಿಂಗಳಿಂದ ಎರಡು ವರ್ಷದವರೆಗೆ ಶಿಕ್ಷೆಯೂ ಇದೆ. ಕಲಂ 85 ಈ ಎರಡೂ ಪಟ್ಟಿಯಲ್ಲಿಲ್ಲ. ಠಾಣೆಗೆ ಅತಿ ಹೆಚ್ಚು ಬರುವ ದೂರಿಗೇ ರಕ್ಷಣೆ ಕಡಿಮೆ.

ಕ್ರಿಮಿನಲ್ ಕೇಸು ಬೇಡ, ಹೊಡೆತ ನಿಲ್ಲಬೇಕು, ಮನೆಯಿಂದ ಹೊರಗೆ ಹಾಕಬಾರದು ಎನ್ನುವವರಿಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ದಾರಿ ಬೇರೆಯೇ ಇದೆ. ಕರ್ನಾಟಕದಲ್ಲಿ ಸಂರಕ್ಷಣಾಧಿಕಾರಿ ಎಂದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ). ಅವರು ಫಾರಂ 1ರಲ್ಲಿ ಕೌಟುಂಬಿಕ ಘಟನೆಯ ವರದಿ (ಡಿಐಆರ್) ಬರೆದು ಕೋರ್ಟಿಗೆ ಕಳಿಸುತ್ತಾರೆ. ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆ ಇಡಬೇಕು, 60 ದಿನದಲ್ಲಿ ಮುಗಿಸಲು ನೋಡಬೇಕು ಎಂದು ಕಾಯ್ದೆ ಹೇಳುತ್ತದೆ. ನಿಜದಲ್ಲಿ ತಡವಾಗುತ್ತದೆ, ಆದರೂ ರಕ್ಷಣಾ ಆದೇಶ ಒಮ್ಮೆ ಬಂದರೆ ಅದನ್ನು ಮುರಿಯುವುದು ಸಂಜ್ಞೇಯ, ಜಾಮೀನು ರಹಿತ ಅಪರಾಧ. ಈ ಕಾಯ್ದೆಯ ವಿಷಯವನ್ನು ಠಾಣೆಗೆ ಬಂದವಳಿಗೆ ತಿಳಿಸುವುದು ಕಲಂ 5ರಲ್ಲಿ ಪೊಲೀಸರ ಕರ್ತವ್ಯ, ಅವರ ದಯೆಯಲ್ಲ. ಡೆಸ್ಕ್ ಚೆನ್ನಾಗಿದೆಯೋ ಇಲ್ಲವೋ ನೋಡಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ: ‘ಮೇಡಂ, ಡಿಐಆರ್ ಎಲ್ಲಿ ಕೊಡ್ಬೇಕು?’ ಎಂದು ಕೇಳಿ. ತಕ್ಷಣ ಸಿಡಿಪಿಒ ಆಫೀಸಿನ ದಾರಿ ಹೇಳಿದರೆ ಡೆಸ್ಕ್ ಕೆಲಸ ಮಾಡುತ್ತಿದೆ. ರಾತ್ರಿ ತಂಗಲು ಜಾಗ ಇಲ್ಲದವರಿಗೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೆ ನೊಂದ ಹೆಂಗಸರಿಗೆ ನೆರವು ಕೊಡುವ ಸರ್ಕಾರಿ ಸಖಿ ಕೇಂದ್ರದ ದಾರಿ ಸಿಗುತ್ತದೆ. ಅಲ್ಲಿ ಐದು ದಿನದವರೆಗೆ ಇರಬಹುದು.

ಡೆಸ್ಕಿಗೆ ಎರಡೂವರೆ. ಒಳ್ಳೆಯ ಮಹಿಳಾ ಎಎಸ್‌ಐ ಕೂತ ದಿನ ನಾಲ್ಕು, ಕುರ್ಚಿ ಖಾಲಿ ಇದ್ದ ದಿನ ಸೊನ್ನೆ.

ಪೊಲೀಸರ ಮನೋಭಾವದ ಮಾತು ಬಂದಾಗ ಎಲ್ಲರೂ ಹೇಳುವುದು ‘ತರಬೇತಿ ಕೊಡಿ’ ಎಂದು. ಕೊಟ್ಟಿದ್ದಾರೆ. 2000ದ ದಶಕದ ಮೊದಲ ವರ್ಷಗಳಲ್ಲೇ ಕರ್ನಾಟಕ ಪೊಲೀಸ್ ಮತ್ತು ಯುನಿಸೆಫ್ ಸೇರಿ ಲಿಂಗ ಸಂವೇದನೆ ಮತ್ತು ಜನಸ್ನೇಹಿ ಪೊಲೀಸ್ ಯೋಜನೆ ನಡೆಸಿದವು. ನಮ್ಮ ಪಕ್ಕದ ಐಮಂಗಲದ ಶಾಲೆ ಸೇರಿ ತರಬೇತಿ ಶಾಲೆಗಳಲ್ಲಿ ಕಲಿತು ಬಂದ ಹುಡುಗ ಒಂದು ವರ್ಷ ಠಾಣೆಯಲ್ಲಿದ್ದರೆ ರೈಟರ್ ಮಾತೇ ಪಾಠ. ಸಂಶೋಧನೆ ನಡೆಸುವ ಸಂಸ್ಥೆಗಳಾದ ಕಾಮನ್ ಕಾಸ್ ಮತ್ತು ಲೋಕನೀತಿ-ಸಿಎಸ್‌ಡಿಎಸ್ 2019ರಲ್ಲಿ 21 ರಾಜ್ಯಗಳ ಸುಮಾರು 12,000 ಪೊಲೀಸರನ್ನು ಮಾತನಾಡಿಸಿ ತಂದ ವರದಿಯಲ್ಲಿ, ಹೆಂಗಸರ ಮೇಲಿನ ದೌರ್ಜನ್ಯದ ದೂರುಗಳಲ್ಲಿ ಸುಳ್ಳೇ ಜಾಸ್ತಿ ಎಂದು ನಂಬುವ ಸಿಬ್ಬಂದಿ ಸಣ್ಣ ಸಂಖ್ಯೆಯಲ್ಲಿಲ್ಲ. ಅವರ ಅನುಭವದಲ್ಲಿ ಅದಕ್ಕೆ ಕಾರಣವೂ ಇದೆ: ಮಹಜರು ಮಾಡಿ, ಸಾಕ್ಷಿ ಹುಡುಕಿ, ಚಾರ್ಜ್‌ಶೀಟ್ ಹಾಕಿದ ಮೇಲೆ ಕೋರ್ಟಿನಲ್ಲಿ ಅವಳೇ ‘ಏನೂ ಆಗಿಲ್ಲ’ ಎನ್ನುತ್ತಾಳೆ. ಅದನ್ನು ಸುಳ್ಳು ಎಂದು ಓದುವವರು, ಅವಳಿಗೆ ಮಕ್ಕಳ ಫೀಸು, ಬಾಡಿಗೆ, ತವರಿನ ಬಾಗಿಲು ಮೂರೂ ಇಲ್ಲದ್ದನ್ನು ಓದುವುದಿಲ್ಲ. ಇನ್ನೊಂದು, ಕೇಸು ಹೆಚ್ಚಾದರೆ ‘ನಿಮ್ಮ ಠಾಣೆಯಲ್ಲಿ ಕ್ರೈಂ ಜಾಸ್ತಿ’ ಎಂಬ ಮಾತು ಮೇಲಿಂದ ಬರುತ್ತದೆ. ಹೆಂಗಸರ ದೂರು ಹೆಚ್ಚು ದಾಖಲಾದ ಠಾಣೆ ಒಳ್ಳೆಯ ಠಾಣೆ ಇರಬಹುದು ಎಂದು ಪರಿಶೀಲನಾ ಸಭೆಯಲ್ಲಿ ಹೇಳುವ ಮೇಲಧಿಕಾರಿ ಬೇಕು.

ಮನಸ್ಸು ಬದಲಾಗುವ ತನಕ ಕಾಯಬೇಕಿಲ್ಲ ಎನ್ನುವುದಕ್ಕೆ ಮಧ್ಯಪ್ರದೇಶದ ಪ್ರಯೋಗ ಸಾಕ್ಷಿ. ಅಲ್ಲಿ 180 ಠಾಣೆಗಳನ್ನು ತೆಗೆದುಕೊಂಡು ಕೆಲವಕ್ಕೆ ‘ಊರ್ಜಾ’ ಎಂಬ ಮಹಿಳಾ ಡೆಸ್ಕ್ ಕೊಟ್ಟರು: ಪ್ರತ್ಯೇಕ ಜಾಗ, ಬರೆದಿಟ್ಟ ಕ್ರಮ, ತರಬೇತಿ. ಫಲಿತಾಂಶ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಡೆಸ್ಕ್ ಇದ್ದ ಠಾಣೆಗಳಲ್ಲಿ ಹೆಂಗಸರ ಪ್ರಕರಣಗಳ ದಾಖಲಾತಿ ಏರಿತು, ಮಹಿಳಾ ಅಧಿಕಾರಿಯೇ ಡೆಸ್ಕ್ ನಡೆಸಿದ ಕಡೆ ಹೆಚ್ಚು ಏರಿತು. ಹಾಗಾದರೆ ಪೂರ್ತಿ ಮಹಿಳಾ ಠಾಣೆಯೇ ಇನ್ನೂ ಒಳ್ಳೆಯದಲ್ಲವೇ? ಹರಿಯಾಣದ ಠಾಣೆಗಳ ಮೇಲೆ ನಡೆದ ಅಧ್ಯಯನ ಬೇರೆ ಹೇಳುತ್ತದೆ: ಮಹಿಳಾ ಠಾಣೆ ತೆರೆದ ಮೇಲೆ ಸಾಮಾನ್ಯ ಠಾಣೆಯವರು ಹೆಂಗಸರನ್ನೆಲ್ಲ ಅಲ್ಲಿಗೆ ಸಾಗಹಾಕತೊಡಗಿದರು, ಅಲ್ಲಿ ಕೌನ್ಸೆಲಿಂಗ್ ಹೆಸರಲ್ಲಿ ರಾಜಿ. ಜಗಳೂರಿನ ಹಳ್ಳಿಯೊಂದರಿಂದ ಬಸ್ಸಿಗೆ ಬಂದವಳಿಗೆ ‘ಇದು ಮಹಿಳಾ ಠಾಣೆಗೆ ಹೋಗೋ ಕೇಸು’ ಎಂದರೆ ಅವಳ ಒಂದು ದಿನದ ಕೂಲಿ ಹೋಯಿತು. ಮಹಿಳಾ ಸಿಬ್ಬಂದಿ ಹುಟ್ಟಾ ಹೆಂಗಸರ ಪರ ಎಂದುಕೊಳ್ಳುವುದೂ ತಪ್ಪು. ‘ನಾವೂ ಅತ್ತೆ ಮನ್ಯಾಗೆ ತಡಕಂಡಿಲ್ಲೇನು ತಾಯಿ’ ಎನ್ನುವವರು ಅಲ್ಲೂ ಇದ್ದಾರೆ. ಆದರೂ ಹೇಳಿಕೊಳ್ಳಲು ಸಂಕೋಚ ಕಡಿಮೆ, ಕೂರಲು ಜಾಗ ಇದೆ, ಹೊತ್ತು ಕೊಟ್ಟು ಕೇಳುತ್ತಾರೆ. ಈ ಏರ್ಪಾಡಿಗೆ ಮೂರು.

ಕೊನೆಯದು ಬೀಟ್. 2017ರಲ್ಲಿ ರಾಜ್ಯದಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಬಂತು: ಠಾಣೆಯ ವ್ಯಾಪ್ತಿಯನ್ನು ಬೀಟುಗಳಾಗಿ ಒಡೆದು ಒಂದೊಂದಕ್ಕೂ ಒಬ್ಬ ಪೊಲೀಸ್, ಜತೆಗೆ ಊರಿನವರೇ ಆದ ಬೀಟ್ ಸದಸ್ಯರು, ಒಂದು ವಾಟ್ಸ್ಯಾಪ್ ಗುಂಪು. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಸೇರಿತು. ಕಾಗದದ ಮೇಲೆ ಬಹಳ ಚೆನ್ನಾಗಿದೆ. ಸರಗಳ್ಳತನ, ಬೈಕ್ ಕಳವು, ಸಿಸಿಟಿವಿ ಹಾಕಿಸುವುದು, ಹಬ್ಬದ ಶಾಂತಿ ಸಭೆ, ಇವಕ್ಕೆಲ್ಲ ಉಪಯೋಗ ಇದೆ. ಹೆಂಗಸರ ಕಡೆಯಿಂದ ನೋಡಿದರೆ ಸದಸ್ಯರ ಪಟ್ಟಿಯೇ ಮೊದಲ ತೊಡಕು. ಬೀಟ್ ಪೊಲೀಸ್ ಗಸ್ತಿನಲ್ಲಿ ಕಾಣುವವರನ್ನು ಸೇರಿಸಿಕೊಳ್ಳುತ್ತಾನೆ: ಅಂಗಡಿಯವರು, ಯುವಕ ಸಂಘದವರು, ಗುಡಿ ಸಮಿತಿ, ನಿವೃತ್ತರು. ಹೆಂಗಸರು ಎಂದರೆ ಅಂಗನವಾಡಿ ಟೀಚರ್, ಆಶಾ, ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ. ಅವರು ಫೋಟೋದಲ್ಲಿ ಇರುತ್ತಾರೆ, ಮಾತಿನಲ್ಲಿ ಇರುವುದಿಲ್ಲ. ಸಭೆ ಇಡುವುದು ಬೆಳಗ್ಗೆ ಹನ್ನೊಂದಕ್ಕೆ ಅಥವಾ ದೀಪ ಹಚ್ಚುವ ಹೊತ್ತಿಗೆ. ಮೊದಲನೆಯದಕ್ಕೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬರಲಾಗದು, ಎರಡನೆಯದಕ್ಕೆ ಒಲೆ ಬಿಟ್ಟು ಯಾರೂ ಬರರು. ನಸುಕಿಗೇ ಮಂಡಕ್ಕಿ ಭಟ್ಟಿಗೆ ಹೋಗುವವರು ಕತ್ತಲ ದಾರಿಯ ಬಗ್ಗೆ ಹೇಳಬೇಕಾದ್ದು ಯಾರ ಕಿವಿಗೂ ಬೀಳುವುದಿಲ್ಲ. ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಬಹುದಲ್ಲ ಎಂದರೆ, ಅದರಲ್ಲಿ ಅವಳ ಗಂಡನ ಗೆಳೆಯನೂ, ಪೆಟ್ಟಿಗೆ ಅಂಗಡಿಯಲ್ಲಿ ಎಣ್ಣೆ ಮಾರುವವನ ತಮ್ಮನೂ ಸದಸ್ಯರು.

ಇನ್ನೊಂದು ಅಪಾಯ ಇದಕ್ಕಿಂತ ಗಂಭೀರ. ಊರಿನವರು ಪೊಲೀಸರ ಕಣ್ಣು ಎಂದಾಗ ಆ ಕಣ್ಣು ಮೊದಲು ತಿರುಗುವುದು ಹುಡುಗಿಯರ ಕಡೆಗೆ. ಯಾವ ಪಿಜಿ ಹುಡುಗಿ ಎಷ್ಟು ಹೊತ್ತಿಗೆ ಬಂದಳು, ಗಾಜಿನ ಮನೆ ಹತ್ತಿರ ಯಾರ ಜತೆ ಕೂತಿದ್ದಳು ಎನ್ನುವುದು ‘ಮಾಹಿತಿ’ಯಾಗಿ ಹೋಗುತ್ತದೆ. ಓಬವ್ವ, ಚೆನ್ನಮ್ಮ, ದುರ್ಗೆಯರ ಹೆಸರಲ್ಲಿ ರಾಜ್ಯದ ಜಿಲ್ಲೆಗಳಲ್ಲಿ ಬಂದ ಮಹಿಳಾ ಪಡೆಗಳು ಬಸ್ ಸ್ಟ್ಯಾಂಡ್, ಕಾಲೇಜು ಗೇಟಿನ ಮುಂದೆ ನಿಂತರೆ ಪುಂಡರು ಚದುರುತ್ತಾರೆ, ಅದು ಒಳ್ಳೆಯ ಕೆಲಸ. ಅದೇ ಪಡೆ ಪಾರ್ಕಿನಲ್ಲಿ ವಯಸ್ಸಿಗೆ ಬಂದ ಜೋಡಿಯ ಆಧಾರ್ ಕೇಳಿ ಮನೆಗೆ ಫೋನ್ ಮಾಡಿದರೆ, ಆ ಹುಡುಗಿ ನಾಳೆ ಯಾರೋ ಹಿಂಬಾಲಿಸಿದರೂ 112ಕ್ಕೆ ಫೋನ್ ಮಾಡುವುದಿಲ್ಲ. ಜತೆಗೆ ಕೂರುವುದು ಅಪರಾಧವಲ್ಲ. ಹಿಂಬಾಲಿಸುವುದು ನ್ಯಾಯ ಸಂಹಿತೆಯ ಕಲಂ 78ರ ಅಪರಾಧ.

ಬೀಟಿಗೆ ಎರಡು. ಕಡಿಮೆ ಎನಿಸಬಹುದು. ಬ್ರೆಜಿಲ್, ಕೊಲಂಬಿಯಾ, ಲೈಬೀರಿಯಾ, ಪಾಕಿಸ್ತಾನ, ಫಿಲಿಪ್ಪೀನ್ಸ್, ಉಗಾಂಡಾ, ಈ ಆರು ದೇಶಗಳಲ್ಲಿ ಸಮುದಾಯ ಪೊಲೀಸಿಂಗನ್ನು ಪ್ರಯೋಗ ಮಾಡಿ ನೋಡಿದ 2021ರ ಅಧ್ಯಯನದಲ್ಲೂ ಅದರಿಂದ ಜನರ ನಂಬಿಕೆ ಹೆಚ್ಚಲಿಲ್ಲ, ಅಪರಾಧ ಇಳಿಯಲಿಲ್ಲ ಎಂದೇ ಬಂದಿದೆ. ಸಭೆಯಲ್ಲಿ ಕೇಳಿದ್ದರ ಮೇಲೆ ಮುಂದೆ ಕ್ರಮ ಕೈಗೊಳ್ಳಲು ಆಳಿಲ್ಲ, ಸಾಹೇಬರು ವರ್ಗವಾದರೆ ಯೋಜನೆಯೂ ವರ್ಗ. ಕೇರಳದ ಜನಮೈತ್ರಿ 2008ರಲ್ಲಿ 20 ಠಾಣೆಗಳಿಂದ ಶುರುವಾಗಿ ಇಷ್ಟು ವರ್ಷ ಹೆಸರು ಉಳಿಸಿಕೊಂಡದ್ದು ಬೀಟ್ ಅಧಿಕಾರಿ ಮನೆಮನೆಗೆ ಹೋಗುವುದನ್ನು ಅವನ ಮುಖ್ಯ ಕೆಲಸವಾಗಿ ಇಟ್ಟದ್ದರಿಂದ. ನಮ್ಮಲ್ಲಿ ಅದು ಬಂದೋಬಸ್ತು, ಸಮನ್ಸು, ವಾರಂಟು ಎಲ್ಲ ಮುಗಿದು ಹೊತ್ತು ಉಳಿದರೆ ಮಾಡುವ ಕೆಲಸ.

ನಿಮ್ಮ ಏರಿಯಾದಲ್ಲಿ ಮುಂದಿನ ಬೀಟ್ ಸಭೆಗೆ ಕರೆ ಬಂದರೆ ಮೂರು ಕೇಳಿಕೆ ಇಡಬಹುದು, ಮೂರಕ್ಕೂ ಸರ್ಕಾರದ ದುಡ್ಡು ಬೇಡ. ಹೆಂಗಸರ ಸಭೆ ಬೇರೆ, ಭಾನುವಾರ ಮಧ್ಯಾಹ್ನ, ಅಂಗನವಾಡಿಯಲ್ಲಿ, ಮಹಿಳಾ ಪೇದೆಯ ಜತೆ. ಡೆಸ್ಕಿನಲ್ಲಿ ಯಾವ ದಿನ ಯಾರು, ಎಷ್ಟು ಗಂಟೆಯವರೆಗೆ ಎಂಬ ಪಟ್ಟಿ ಠಾಣೆಯ ಹೊರಗೋಡೆಯ ಮೇಲೆ. ಮನೆಯೊಳಗಿನ ದೂರನ್ನು ಗುಂಪಿನಲ್ಲಿ ಹಾಕದೆ ನೇರ ತಿಳಿಸಲು ಆ ಪೇದೆಯ ಠಾಣಾ ನಂಬರು. ಹೇಳಿ ಸುಮ್ಮನಾಗಬೇಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಹಾಜರಿ ಸಹಿ ಮೊದಲು ಹಾಕಿಸಿಕೊಂಡು ವಿಷಯ ಆಮೇಲೆ ಬರೆಯುವ ರೂಢಿ ಇದೆ. ಬರೆದದ್ದನ್ನು ಓದಿ ನೋಡಿದ ಮೇಲೆ ಸಹಿ ಹಾಕಿ.